ಕೋಶಕ್ಕೆ ಸಾಕು ಎನ್ನುವವರು ಯಾರು? ಥಿಯೊಡೋರ್ ಬೊವೇರಿ ಅವರ ಜೀವನ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ಕೋಶ ವಿಭಜನೆಯ ಪಾಠ ಮಾಡಿದೆ. ಚಾರ್ಟ್ ಚೆನ್ನಾಗಿ ಬಂದಿತ್ತು. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂದು ಮಕ್ಕಳು ಒಟ್ಟಿಗೆ ಹೇಳುತ್ತಿದ್ದರು. ಪಾಠ ಮುಗಿಯಲು ಐದು ನಿಮಿಷ ಇರುವಾಗ ಕೊನೆಯ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, ಗಾಯವಾದಾಗ ಚರ್ಮದ ಕೋಶಗಳು ವಿಭಜನೆಯಾಗಿ ಗಾಯ ಮುಚ್ಚುತ್ತದೆ ಎಂದಿರಲ್ಲ ಮಿಸ್, ಮುಚ್ಚಿದ ಮೇಲೆ ನಿಲ್ಲಿಸು ಅಂತ ಕೋಶಕ್ಕೆ ಯಾರು ಹೇಳುತ್ತಾರೆ ಎಂದು ಕೇಳಿದಳು. ಕೋಶಕೇಂದ್ರ ಹೇಳುತ್ತದೆ ಎಂದೆ. ಹಾಗಾದರೆ ಗಡ್ಡೆಯಲ್ಲಿ ಅದು ಯಾಕೆ ಹೇಳುವುದಿಲ್ಲ ಎಂದು ಮತ್ತೆ ಕೇಳಿದಳು. ಅದು ಮುಂದಿನ ತರಗತಿಗಳಲ್ಲಿ ಬರುತ್ತದೆ ಎಂದು ಹೇಳಿ ಮನೆಗೆಲಸ ಬರೆಸಿದೆ.

ಮಾರ್ಗದರ್ಶಕ ಮೇಡಂ ನನ್ನ ಪಾಠ ವೀಕ್ಷಣಾ ಪುಸ್ತಕದಲ್ಲಿ ಚಾರ್ಟನ್ನು ಹೊಗಳಿ, ಕೊನೆಯಲ್ಲಿ ಆ ಪ್ರಶ್ನೆಯನ್ನು ಬರೆದು ಅದರ ಕೆಳಗೆ ಗೆರೆ ಎಳೆದಿದ್ದರು. ಬೇರೆ ಟೀಕೆ ಏನೂ ಇರಲಿಲ್ಲ. ಆ ಹುಡುಗಿಯ ಅಜ್ಜಿಗೆ ಹಿಂದಿನ ತಿಂಗಳು ಗಡ್ಡೆಯ ಶಸ್ತ್ರಚಿಕಿತ್ಸೆ ಆಗಿತ್ತೆಂದು ಮರುದಿನ ತರಗತಿ ಶಿಕ್ಷಕರಿಂದ ತಿಳಿಯಿತು. ಮೂರು ವರ್ಷ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ನನ್ನ ಬಳಿ ಕೊಡಲು ಉತ್ತರ ಇರಲಿಲ್ಲ ಎನ್ನುವುದಕ್ಕಿಂತ, ಅದೊಂದು ಪ್ರಶ್ನೆ ಎಂದೇ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದವರು ಥಿಯೊಡೋರ್ ಬೊವೇರಿ. ಪಿ.ಯು.ಸಿ. ಎರಡನೇ ವರ್ಷದ ಜೀವಶಾಸ್ತ್ರ ಪುಸ್ತಕದಲ್ಲಿ ಸಟ್ಟನ್ ಮತ್ತು ಬೊವೇರಿ ಎಂದು ಜೋಡಿಯಾಗಿ ಒಂದು ವಾಕ್ಯದಲ್ಲಿ ಬಂದು ಹೋಗುವ ಹೆಸರು ಇದು. ಒಂದು ಅಂಕದ ಪ್ರಶ್ನೆಗೆ ನಾನೂ ಬರೆದಿದ್ದೇನೆ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೇಳಿ, ವಂಶವಾಹಿ ಎಂದರೆ ಯಾವ ವಸ್ತು ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಉತ್ತರವನ್ನೂ ಊಹಿಸಿದವರು ಇವರೇ ಎಂದು ಆ ಪುಸ್ತಕದಿಂದ ತಿಳಿಯುವುದಿಲ್ಲ.

ಬೊವೇರಿ ಹುಟ್ಟಿದ್ದು 1862ರ ಅಕ್ಟೋಬರ್ 12ರಂದು, ಜರ್ಮನಿಯ ಬವೇರಿಯಾ ಪ್ರಾಂತದ ಬಾಂಬರ್ಗ್ ಊರಿನಲ್ಲಿ. ತಂದೆ ವೈದ್ಯರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ತಮ್ಮ ವಾಲ್ಟರ್ ಎಂಜಿನಿಯರ್ ಆಗಿ ಸ್ವಿಟ್ಜರ್ಲೆಂಡಿನಲ್ಲಿ 1891ರಲ್ಲಿ ಬ್ರೌನ್ ಎಂಬುವರ ಜೊತೆ ವಿದ್ಯುತ್ ಯಂತ್ರಗಳ ಕಂಪನಿ ತೆರೆದರು. ಬೆಂಗಳೂರಿನ ಪೀಣ್ಯದಲ್ಲಿ ಎಬಿಬಿ ಎಂಬ ಬೋರ್ಡ್ ನೋಡಿದವರಿಗೆ ಹೇಳುವುದಾದರೆ, ಅದರ ಕೊನೆಯ ಬಿ ಈ ಮನೆತನದ ಹೆಸರು. ಅಣ್ಣನಿಗೆ ಸಂಗೀತ ಮತ್ತು ಚಿತ್ರಕಲೆಯ ಒಲವು. ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಮೊದಲು ಆರಿಸಿಕೊಂಡದ್ದು ಇತಿಹಾಸ ಮತ್ತು ತತ್ತ್ವಶಾಸ್ತ್ರ. ಸ್ವಲ್ಪ ದಿನಕ್ಕೇ ಅಂಗರಚನಾಶಾಸ್ತ್ರಕ್ಕೆ ಬದಲಾಯಿಸಿಕೊಂಡು 1885ರಲ್ಲಿ ನರತಂತುಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಅದೇ ವರ್ಷ ಲಾಮೊಂಟ್ ವಿದ್ಯಾರ್ಥಿವೇತನ ಸಿಕ್ಕಿತು. ಮುಂದಿನ ಕೆಲವು ವರ್ಷ ಹೊಟ್ಟೆಪಾಡಿನ ಚಿಂತೆಯಿಲ್ಲದೆ ರಿಚರ್ಡ್ ಹರ್ಟ್‌ವಿಗ್ ಅವರ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರಲು ಸಾಧ್ಯವಾಯಿತು.

ಆಗಿನ ಸ್ಥಿತಿ ಹೀಗಿತ್ತು. ಕೋಶ ವಿಭಜನೆಯಾಗುವಾಗ ಕೋಶಕೇಂದ್ರದಲ್ಲಿ ದಾರದಂತಹ ರಚನೆಗಳು ಕಾಣುತ್ತವೆ ಎಂದು ಫ್ಲೆಮಿಂಗ್ ವಿವರಿಸಿ ಆಗಿತ್ತು. ಅಂಡ ಮತ್ತು ವೀರ್ಯಾಣು ಎರಡರಿಂದಲೂ ಅವು ಸಮಸಂಖ್ಯೆಯಲ್ಲಿ ಬರುತ್ತವೆ ಎಂದು 1883ರಲ್ಲಿ ಬೆಲ್ಜಿಯಂನ ವಾನ್ ಬೆನೆಡನ್ ತೋರಿಸಿದ್ದರು. ಅವುಗಳಿಗೆ ಕ್ರೋಮೋಸೋಮ್ ಎಂಬ ಹೆಸರು ಬಂದದ್ದು 1888ರಲ್ಲಿ. ಆದರೆ ವಿಭಜನೆ ಮುಗಿದೊಡನೆ ಈ ದಾರಗಳು ಕಣ್ಣಿಗೆ ಕಾಣದಂತೆ ಆಗುತ್ತವೆ. ಕರಗಿ ಹೋಗಿ ಮುಂದಿನ ಸಲ ಹೊಸದಾಗಿ ಹುಟ್ಟುತ್ತವೆಯೇ, ಇಲ್ಲವೇ ಅಲ್ಲೇ ಇದ್ದು ಕಾಣುವುದಿಲ್ಲವೇ? ಕರಗುವುದಾದರೆ ಅವು ಆನುವಂಶಿಕ ಗುಣಗಳನ್ನು ಹೊತ್ತಿರಲಾರವು.

ಬೊವೇರಿ ಆರಿಸಿಕೊಂಡ ಪ್ರಾಣಿ ಕುದುರೆಯ ಕರುಳಿನ ಜಂತುಹುಳು, ಆಸ್ಕಾರಿಸ್ ಜಾತಿಯದು. ನಿಷೇಚನಗೊಂಡ ಅದರ ಅಂಡದಲ್ಲಿ ಇರುವುದು ನಾಲ್ಕು ವರ್ಣತಂತು, ಇನ್ನೊಂದು ಬಗೆಯಲ್ಲಿ ಎರಡೇ. ಮನುಷ್ಯನ 46ನ್ನು ಎಣಿಸಲು 1956ರವರೆಗೆ ಆಗಲಿಲ್ಲ ಎಂಬುದನ್ನು ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ವರ್ಣತಂತುಗಳ ತುದಿಗಳಿರುವ ಕಡೆ ಈ ಹುಳುವಿನ ಕೋಶಕೇಂದ್ರ ಬೆರಳಿನಂತೆ ಹೊರಚಾಚಿಕೊಳ್ಳುತ್ತದೆ. ವರ್ಣತಂತುಗಳು ಮಾಯವಾದ ಮೇಲೂ ಆ ಚಾಚುಗಳು ಹಾಗೆಯೇ ಉಳಿಯುತ್ತವೆ. ಮುಂದಿನ ವಿಭಜನೆಗೆ ಅವು ಮತ್ತೆ ಕಾಣಿಸಿಕೊಂಡಾಗ ತುದಿಗಳು ಅದೇ ಚಾಚುಗಳಲ್ಲಿ ಇದ್ದವು. ಅಂದರೆ ಎಲ್ಲೂ ಹೋಗಿರಲಿಲ್ಲ. 1887-88ರಲ್ಲಿ ಪ್ರಕಟವಾದ ಈ ಕೆಲಸದಲ್ಲೇ ವಿಭಜನೆಯ ಎರಡು ಧ್ರುವಗಳಲ್ಲಿ ಕೂತು ಕದಿರನ್ನು ಕಟ್ಟುವ ಕಣಕ್ಕೆ ಸೆಂಟ್ರೋಸೋಮ್ ಎಂದು ಹೆಸರಿಟ್ಟರು. ನಾವು ಚಾರ್ಟಿನಲ್ಲಿ ಎರಡು ಚುಕ್ಕೆ ಇಟ್ಟು ಬಾಣ ಎಳೆದು ಬರೆಯುವ ಹೆಸರು.

ಆ ಹುಳುವಿನಲ್ಲೇ ಅವರು ಕಂಡ ಇನ್ನೊಂದು ಸಂಗತಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಹತ್ತಿರದ್ದು. ಭ್ರೂಣ ಬೆಳೆಯುವಾಗ ದೇಹ ಕಟ್ಟುವ ಕೋಶಗಳಲ್ಲಿ ವರ್ಣತಂತುಗಳ ತುದಿಗಳು ಕಳಚಿ ನಾಶವಾಗುತ್ತವೆ. ಮುಂದೆ ಅಂಡ, ವೀರ್ಯಾಣುಗಳಾಗುವ ಕೋಶಗಳಲ್ಲಿ ಮಾತ್ರ ಅವು ಇಡಿಯಾಗಿ ಉಳಿಯುತ್ತವೆ. ಒಂದೇ ಅಂಡದಿಂದ ಬಂದ ಕೋಶಗಳಲ್ಲಿ ಈ ವ್ಯತ್ಯಾಸ ಯಾರು ಮಾಡಿದರು? 1910ರ ಹೊತ್ತಿಗೆ ಅಂಡಗಳನ್ನು ಗಿರಗಿರನೆ ತಿರುಗಿಸಿ ಒಳಗಿನ ಕೋಶದ್ರವ್ಯದ ಜಾಗ ಬದಲಾಯಿಸಿ ನೋಡಿದರು. ಒಂದು ನಿರ್ದಿಷ್ಟ ಭಾಗದ ಕೋಶದ್ರವ್ಯ ಯಾವ ಕೋಶಕ್ಕೆ ಸಿಗುತ್ತದೋ ಅಲ್ಲಿ ವರ್ಣತಂತು ಇಡಿಯಾಗಿ ಉಳಿಯುತ್ತದೆ, ಎರಡು ಕೋಶಗಳಿಗೆ ಸಿಕ್ಕರೆ ಎರಡರಲ್ಲೂ ಉಳಿಯುತ್ತದೆ. ವರ್ಣತಂತು ಆಜ್ಞೆ ಕೊಡುವುದು ಮಾತ್ರವಲ್ಲ, ಸುತ್ತಲಿನ ಕೋಶದ್ರವ್ಯದ ಮಾತನ್ನು ಕೇಳುತ್ತದೆ ಕೂಡ. ಕೋಶಕೇಂದ್ರ ಹೇಳುತ್ತದೆ ಎಂದು ನಾನು ಕೊಟ್ಟ ಉತ್ತರ ಎಷ್ಟು ಅರ್ಧಂಬರ್ಧ ಎಂದು ತಿಳಿದದ್ದು ಇದನ್ನು ಓದಿದಾಗ.

1890ರ ಸುಮಾರಿಗೆ ಅವರ ಆರೋಗ್ಯ ಮುರಿದುಬಿತ್ತು. ದೇಹದ ನಿತ್ರಾಣ, ಮನಸ್ಸಿನ ಕುಗ್ಗುವಿಕೆ ಎರಡೂ ಕೂಡಿ ಚಿಕಿತ್ಸಾಲಯದಲ್ಲಿ ಇರಬೇಕಾಯಿತು. ಇದು ಜೀವನದ ಕೊನೆಯವರೆಗೆ ಮರಳಿ ಮರಳಿ ಬಂತು. ಚೇತರಿಸಿಕೊಂಡ ಮೇಲೆ 1893ರಲ್ಲಿ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯವರೆಗೂ ಅದೇ ಊರು.

1896ರಲ್ಲಿ ಅಮೆರಿಕದಿಂದ ಮಾರ್ಸೆಲ್ಲಾ ಓಗ್ರೇಡಿ ಎಂಬ ಅಧ್ಯಾಪಕಿ ಅವರ ಪ್ರಯೋಗಾಲಯಕ್ಕೆ ಕಲಿಯಲು ಬಂದರು. ವಾಸ್ಸರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು. ವೂರ್ಟ್ಸ್‌ಬರ್ಗ್‌ನಲ್ಲಿ ಹೆಣ್ಣುಮಕ್ಕಳಿಗೆ ಆಗ ಪ್ರವೇಶ ಇರಲಿಲ್ಲ, ವಿಶೇಷ ಅನುಮತಿ ಬೇಕಾಯಿತು. ಮರುವರ್ಷ ಇಬ್ಬರೂ ಮದುವೆಯಾದರು. 1900ರಲ್ಲಿ ಹುಟ್ಟಿದ ಮಗಳು ಮಾರ್ಗ್ರೆಟ್ ಮುಂದೆ ಜರ್ಮನಿಯ ಹೆಸರಾಂತ ಪತ್ರಕರ್ತೆಯಾದರು. ಮಾರ್ಸೆಲ್ಲಾ ಪತಿಯ ಪ್ರಯೋಗಗಳಲ್ಲಿ ಕೈಜೋಡಿಸಿದರು. ಜೀವಶಾಸ್ತ್ರದ ಚರಿತ್ರೆಯಲ್ಲಿ ಆಕೆಯ ಹೆಸರು ಅಡಿಟಿಪ್ಪಣಿಗೆ ಇಳಿದಿರುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಯಾಕೆ ಎಂದು ಮುಂದೆ ಬರುತ್ತದೆ.

ಇಟಲಿಯ ನೇಪಲ್ಸ್‌ನಲ್ಲಿ ಆಂಟನ್ ಡೋರ್ನ್ ಕಟ್ಟಿದ ಸಮುದ್ರಜೀವಿ ಕೇಂದ್ರಕ್ಕೆ ಬೊವೇರಿ ಮತ್ತೆ ಮತ್ತೆ ಹೋಗುತ್ತಿದ್ದರು. ಅಲ್ಲಿ ಸಿಗುತ್ತಿದ್ದುದು ಸೀ ಅರ್ಚಿನ್, ನಮ್ಮ ಪಠ್ಯದ ಕಂಟಕಚರ್ಮಿಗಳ ಪಟ್ಟಿಯಲ್ಲಿ ಬರುವ ಮುಳ್ಳುಚೆಂಡಿನಂತಹ ಪ್ರಾಣಿ. ಅದರ ಅಂಡ ಪಾರದರ್ಶಕ. ನಿಷೇಚನದಿಂದ ಲಾರ್ವಾ ಆಗುವವರೆಗೆ ಎಲ್ಲವೂ ಗಾಜಿನ ಬಟ್ಟಲಲ್ಲಿ ಕಣ್ಣೆದುರೇ ನಡೆಯುತ್ತದೆ. 1901-02ರ ಚಳಿಗಾಲದಲ್ಲಿ ಗಂಡ ಹೆಂಡತಿ ಅಲ್ಲಿ ಮಾಡಿದ ಪ್ರಯೋಗವೇ ಈ ಲೇಖನ ಬರೆಯಲು ಕಾರಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಅಂಡಕ್ಕೆ ಒಂದೇ ವೀರ್ಯಾಣು ಸೇರುವುದು ಸಹಜ. ವೀರ್ಯಾಣುಗಳ ದಟ್ಟಣೆ ಹೆಚ್ಚು ಮಾಡಿದರೆ ಕೆಲವು ಅಂಡಗಳಿಗೆ ಎರಡು ಸೇರುತ್ತವೆ. ಅಂತಹ ಅಂಡಗಳ ಭ್ರೂಣ ಸಾಮಾನ್ಯವಾಗಿ ಕೆಟ್ಟು ಸಾಯುತ್ತದೆ ಎಂದು ಮೊದಲೇ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. ಬೊವೇರಿ ಲೆಕ್ಕ ಹಾಕಿದರು. ಅವರ ಸೀ ಅರ್ಚಿನ್‌ನ ಅಂಡದಲ್ಲಿ 18 ವರ್ಣತಂತು, ವೀರ್ಯಾಣುವಿನಲ್ಲಿ 18. ಎರಡು ವೀರ್ಯಾಣು ಸೇರಿದರೆ ಒಟ್ಟು 54, ಅಂದರೆ ಪ್ರತಿಯೊಂದು ಬಗೆಯದು ಮೂರು ಮೂರು. ಪ್ರತಿ ವೀರ್ಯಾಣು ತನ್ನೊಂದಿಗೆ ತಂದ ಸೆಂಟ್ರೋಸೋಮ್ ಎರಡಾಗುವುದರಿಂದ ಧ್ರುವಗಳು ಎರಡರ ಬದಲು ನಾಲ್ಕು. ಅಂಡ ಒಮ್ಮೆಗೇ ನಾಲ್ಕು ಕೋಶಗಳಾಗಿ ಒಡೆಯುತ್ತದೆ. 54 ವರ್ಣತಂತುಗಳೂ ಸೀಳಿ 108 ಆಗಿ ನಾಲ್ಕು ಕೋಶಗಳಿಗೆ ಹಂಚಿಹೋಗಬೇಕು, ಸರಾಸರಿ 27. ಆದರೆ ಯಾವ ವರ್ಣತಂತು ಯಾವ ಎರಡು ಧ್ರುವಗಳ ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ನಿಯಮವಿಲ್ಲ. ಒಂದು ಕೋಶಕ್ಕೆ ಒಂದು ಬಗೆಯದು ಮೂರು ಬರಬಹುದು, ಇನ್ನೊಂದು ಬಗೆಯದು ಒಂದೂ ಬಾರದೆ ಇರಬಹುದು.

ಇಲ್ಲಿ ಅವರ ಮುಂದೆ ಎರಡು ಊಹೆಗಳಿದ್ದವು. ವರ್ಣತಂತುಗಳೆಲ್ಲ ಒಂದೇ ತರಹದ್ದಾದರೆ ಸಂಖ್ಯೆ ಸಾಕಷ್ಟಿದ್ದರೆ ಸಾಕು, ಕೋಶ ಬದುಕಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಕೆಲಸ ಇದ್ದರೆ, ಸಂಖ್ಯೆ ಎಷ್ಟಿದ್ದರೂ 18 ಬಗೆಗಳಲ್ಲಿ ಒಂದು ಇಲ್ಲದಿದ್ದರೂ ಕೆಡಬೇಕು. ಇದನ್ನು ತೀರ್ಮಾನಿಸಲು ಅವರು ನಿಷೇಚನವಾದ ಅಂಡಗಳನ್ನು ಅಲುಗಾಡಿಸಿದರು. ಹಾಗೆ ಮಾಡಿದಾಗ ಕೆಲವು ಅಂಡಗಳಲ್ಲಿ ಒಂದು ಸೆಂಟ್ರೋಸೋಮ್ ಎರಡಾಗುವುದಿಲ್ಲ. ಧ್ರುವ ನಾಲ್ಕರ ಬದಲು ಮೂರಾಗುತ್ತದೆ. ಮೂರು ಪಾಲಾದರೆ ಪ್ರತಿ ಕೋಶಕ್ಕೂ ಎಲ್ಲ ಬಗೆ ಸಿಗುವ ಅವಕಾಶ ತುಂಬಾ ಹೆಚ್ಚು. ಮೂರಾಗಿ ಒಡೆದ ಅಂಡಗಳಲ್ಲಿ ನೂರಕ್ಕೆ ಸುಮಾರು 8 ಸರಿಯಾದ ಲಾರ್ವಾ ಆದವು. ನಾಲ್ಕಾಗಿ ಒಡೆದವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಂಖ್ಯೆ ಬರೆದ ಸಣ್ಣ ಗುಂಡುಗಳನ್ನು ಹಂಚಿ ಹಂಚಿ ಈ ಅವಕಾಶವನ್ನು ಅವರು ಎಣಿಸಿಯೂ ನೋಡಿದ್ದರು.

ಇನ್ನೂ ಒಂದು ಹೆಜ್ಜೆ ಹೋದರು. ಕ್ಯಾಲ್ಸಿಯಂ ಇಲ್ಲದ ಸಮುದ್ರದ ನೀರಿನಲ್ಲಿ ಇಟ್ಟರೆ ಭ್ರೂಣದ ಕೋಶಗಳು ಬಿಡಿಬಿಡಿಯಾಗುತ್ತವೆ ಎಂದು ಹರ್ಬ್ಸ್ಟ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದರು. ನಾಲ್ಕಾಗಿ ಒಡೆದ ಅಂಡದ ಆ ನಾಲ್ಕು ಕೋಶಗಳನ್ನು ಹೀಗೆ ಬೇರ್ಪಡಿಸಿ ಬೆಳೆಸಿದರು. ಸಹಜ ಭ್ರೂಣದ ನಾಲ್ಕು ಕೋಶಗಳನ್ನು ಬಿಡಿಸಿದರೆ ನಾಲ್ಕೂ ಒಂದೇ ತರಹ ಪುಟ್ಟ ಲಾರ್ವಾಗಳಾಗುತ್ತವೆ. ಇವು ಹಾಗಲ್ಲ. ಒಂದು ಬೇಗ ನಿಂತಿತು, ಇನ್ನೊಂದು ಸ್ವಲ್ಪ ದೂರ ಹೋಗಿ ವಿಕಾರವಾಯಿತು, ಪ್ರತಿಯೊಂದಕ್ಕೂ ಬೇರೆ ಬೇರೆ ಕೊರತೆ. ವರ್ಣತಂತುಗಳು ಒಂದರಂತೆ ಒಂದಿಲ್ಲ, ಪ್ರತಿಯೊಂದರಲ್ಲೂ ಬೇರೆ ಗುಣಗಳಿವೆ ಎಂದು 1902ರಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಸಟ್ಟನ್ ಮಿಡತೆಯ ಕೋಶಗಳಿಂದ ಅದೇ ಕಡೆಗೆ ಬಂದಿದ್ದರು. ಪಠ್ಯದ ಆ ಒಂದು ವಾಕ್ಯದ ಹಿಂದೆ ಇರುವುದು ಇದು.

ಈ ಲೆಕ್ಕವನ್ನು ನಾನೇ ಮಾಡಿ ನೋಡಿದೆ. ಪ್ರತಿ ವರ್ಣತಂತು ಪಕ್ಕಪಕ್ಕದ ಎರಡು ಧ್ರುವಗಳ ನಡುವೆ ಎಲ್ಲಿ ಬೇಕಾದರೂ ಬೀಳಬಹುದು ಎಂದು ಸರಳವಾಗಿ ಇಟ್ಟುಕೊಂಡರೆ, ಮೂರು ಧ್ರುವದ ಅಂಡದಲ್ಲಿ ಒಂದು ಬಗೆಯ ಮೂರೂ ಪ್ರತಿಗಳು ಒಂದೇ ಜಾಗದಲ್ಲಿ ಬಿದ್ದಾಗ ಮಾತ್ರ ಒಂದು ಕೋಶಕ್ಕೆ ಆ ಬಗೆ ತಪ್ಪುತ್ತದೆ. ಅದರ ಸಂಭವ 9ರಲ್ಲಿ 1. ತಪ್ಪದಿರುವ ಸಂಭವ 9ರಲ್ಲಿ 8. ಇದನ್ನು 18 ಸಲ ಗುಣಿಸಿದರೆ ನೂರಕ್ಕೆ 12 ಬರುತ್ತದೆ. ನಾಲ್ಕು ಧ್ರುವದ್ದಕ್ಕೆ ಒಂದು ಬಗೆ ತಪ್ಪದಿರುವ ಸಂಭವ 16ರಲ್ಲಿ 9, ಅದನ್ನು 18 ಸಲ ಗುಣಿಸಿದರೆ ಲಕ್ಷಕ್ಕೆ ಮೂರು. ಬಟ್ಟಲಲ್ಲಿ ಕಂಡದ್ದು 8 ಮತ್ತು ಬಹುತೇಕ ಸೊನ್ನೆ. ಹತ್ತನೇ ತರಗತಿಯ ಸಂಭವನೀಯತೆ ಅಧ್ಯಾಯ ತಿಳಿದವರು ಕಾಗದದ ಮೇಲೆ ಮಾಡಬಹುದಾದ ಲೆಕ್ಕ ಕಡಲ ಪ್ರಾಣಿಯ ಬದುಕು ಸಾವಿಗೆ ಇಷ್ಟು ಹತ್ತಿರ ಬಂದಾಗ ಹಾಸ್ಟೆಲಿನ ಕೋಣೆಯಲ್ಲಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ 1902ರ ಬರಹದಲ್ಲೇ ಬೊವೇರಿ ಗಡ್ಡೆಗಳ ಮಾತು ಎತ್ತಿದ್ದರು. ಕ್ಯಾನ್ಸರ್ ಕೋಶಗಳಲ್ಲಿ ವಿಭಜನೆ ಓರೆಕೋರೆಯಾಗಿ ನಡೆಯುವುದನ್ನು ಹನ್ಸೆಮನ್ ಎಂಬ ವೈದ್ಯರು 1890ರಲ್ಲೇ ನೋಡಿದ್ದರು. ಸೀ ಅರ್ಚಿನ್‌ನಲ್ಲಿ ತಪ್ಪು ಹಂಚಿಕೆಯಿಂದ ಬಹುಪಾಲು ಕೋಶಗಳು ಸಾಯುತ್ತವೆ. ಸಾಯದೆ, ಬದುಕಿ, ಆದರೆ ನಿಲ್ಲುವುದನ್ನು ಮರೆತ ಒಂದು ಕೋಶ ಹುಟ್ಟಿದರೆ? ಹನ್ನೆರಡು ವರ್ಷ ಈ ಯೋಚನೆಯನ್ನು ಹೊತ್ತುಕೊಂಡಿದ್ದು 1914ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಅದರಲ್ಲಿ ಅವರು ಹೇಳಿದ್ದು ಇಷ್ಟು. ಗಡ್ಡೆ ಒಂದೇ ಒಂದು ಕೋಶದಿಂದ ಶುರುವಾಗುತ್ತದೆ. ಆ ಕೋಶದ ವರ್ಣತಂತುಗಳ ಕೂಟ ಕೆಟ್ಟಿರುತ್ತದೆ, ಮರಿಕೋಶಗಳಿಗೂ ಅದೇ ಹೋಗುತ್ತದೆ. ಸಹಜ ಕೋಶದಲ್ಲಿ ವಿಭಜನೆಯನ್ನು ತಡೆಯುವ ವ್ಯವಸ್ಥೆ ವರ್ಣತಂತುಗಳಲ್ಲಿ ಇದೆ. ಹೊರಗಿನಿಂದ ಅಗತ್ಯದ ಸೂಚನೆ ಬಂದಾಗ ತಡೆ ಸಡಿಲವಾಗುತ್ತದೆ, ಅಗತ್ಯ ತೀರಿದಾಗ ಬಿಗಿಯಾಗುತ್ತದೆ. ತಡೆಯುವ ವರ್ಣತಂತು ಕಳೆದುಹೋದರೆ ಕೋಶ ನಿಲ್ಲುವುದಿಲ್ಲ. ವಿಭಜನೆಗೆ ಪ್ರಚೋದನೆ ಕೊಡುವ ವರ್ಣತಂತು ಹೆಚ್ಚಾದರೂ ನಿಲ್ಲುವುದಿಲ್ಲ.

ನನ್ನ ವಿದ್ಯಾರ್ಥಿನಿಯ ಎರಡೂ ಪ್ರಶ್ನೆಗಳು ಇಲ್ಲಿ ಇದ್ದವು. ಗಾಯ ಮುಚ್ಚಿದ ಮೇಲೆ ತಡೆ ಮರಳುತ್ತದೆ. ಗಡ್ಡೆಯಲ್ಲಿ ಮರಳಬೇಕಾದ ತಡೆಯೇ ಇಲ್ಲ.

ಈ ಪುಸ್ತಕ ಬರೆದಾಗ ಬೊವೇರಿ ಗಡ್ಡೆಯ ಮೇಲೆ ಯಾವ ಪ್ರಯೋಗವನ್ನೂ ಮಾಡಿರಲಿಲ್ಲ. ಮಾಡಿದ್ದು ಸೀ ಅರ್ಚಿನ್ ಮತ್ತು ಜಂತುಹುಳುವಿನ ಮೇಲೆ. ರೋಗಶಾಸ್ತ್ರದವರು ಇದನ್ನು ಅಷ್ಟಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಯುದ್ಧವೂ ಅದೇ ವರ್ಷ ಶುರುವಾಯಿತು. ಅದಕ್ಕೆ ಸ್ವಲ್ಪ ಮುಂಚೆ ಬರ್ಲಿನ್‌ನಲ್ಲಿ ಕಟ್ಟಲಿದ್ದ ಕೈಸರ್ ವಿಲ್ಹೆಲ್ಮ್ ಜೀವಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಲು ಅವರಿಗೆ ಕರೆ ಬಂದಿತ್ತು. ಯಾರು ಯಾರನ್ನು ತೆಗೆದುಕೊಳ್ಳಬೇಕೆಂದು ಯೋಜನೆ ಹಾಕಿ, ಕೊನೆಗೆ ಆರೋಗ್ಯ ಸಾಲದೆಂದು 1913ರಲ್ಲಿ ಒಪ್ಪದೆ ಬಿಟ್ಟರು. ಅವರು ಆರಿಸಿದವರಲ್ಲಿ ಶಿಷ್ಯ ಸ್ಪೆಮನ್ 1935ರಲ್ಲೂ ವಾರ್ಬರ್ಗ್ 1931ರಲ್ಲೂ ನೊಬೆಲ್ ಪಡೆದರು. ಗಂಡು ಹೆಣ್ಣು ನಿರ್ಧರಿಸುವ ವರ್ಣತಂತುವನ್ನು 1905ರಲ್ಲಿ ಗುರುತಿಸಿದ ಅಮೆರಿಕದ ನೆಟ್ಟಿ ಸ್ಟೀವನ್ಸ್ ಕೂಡ ವೂರ್ಟ್ಸ್‌ಬರ್ಗ್‌ನಲ್ಲಿ ಇವರ ಬಳಿ ಕೆಲಸ ಮಾಡಿದವರು.

ಅವರ ಬಗ್ಗೆ ನನಗೆ ಗೌರವ ಹೆಚ್ಚಿಸಿದ್ದು ಇನ್ನೊಂದು ಸಂಗತಿ. 1889ರಲ್ಲಿ, ಕೋಶಕೇಂದ್ರವಿಲ್ಲದ ಅಂಡದ ತುಣುಕಿಗೆ ಬೇರೆ ಜಾತಿಯ ವೀರ್ಯಾಣು ಸೇರಿಸಿದರೆ ತಂದೆಯ ಗುಣಗಳೇ ಬರುತ್ತವೆ ಎಂದು ಅವರು ಪ್ರಕಟಿಸಿ ಹೆಸರಾಗಿದ್ದರು. ಕೊನೆಯ ವರ್ಷಗಳಲ್ಲಿ ಆ ಪ್ರಯೋಗಕ್ಕೆ ತಾವೇ ಮರಳಿ ಹೋಗಿ, ಅದರಲ್ಲಿ ತಪ್ಪು ನುಸುಳಿದ್ದ ದಾರಿಗಳನ್ನು ಹುಡುಕಿ ಬರೆದರು. ಅದು ಅಚ್ಚಾದದ್ದು ಸತ್ತ ಮೇಲೆ, 1918ರಲ್ಲಿ. 1915ರ ಅಕ್ಟೋಬರ್ 15ರಂದು, ಐವತ್ಮೂರು ತುಂಬಿದ ಮೂರನೇ ದಿನ ಅವರು ತೀರಿಕೊಂಡಿದ್ದರು.

ಪುಸ್ತಕವನ್ನು ಉಳಿಸಿದವರು ಮಾರ್ಸೆಲ್ಲಾ. ಅಮೆರಿಕಕ್ಕೆ ಮರಳಿ, ಅರುವತ್ತು ದಾಟಿದ ವಯಸ್ಸಿನಲ್ಲಿ ನ್ಯೂ ಹೇವನ್‌ನ ಆಲ್ಬರ್ಟಸ್ ಮ್ಯಾಗ್ನಸ್ ಎಂಬ ಹೊಸ ಮಹಿಳಾ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಕಟ್ಟಿ ಕಲಿಸಿದರು. 1929ರಲ್ಲಿ ಗಂಡನ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿದರು. ಜರ್ಮನ್ ಬಾರದ ಜಗತ್ತಿಗೆ ಆ ಯೋಚನೆ ತಲುಪಿದ್ದು ಹೀಗೆ. 1950ರಲ್ಲಿ ಆಕೆ ತೀರಿಕೊಂಡಾಗಲೂ ಅದು ಯೋಚನೆಯಾಗಿಯೇ ಇತ್ತು. ರಕ್ತದ ಕ್ಯಾನ್ಸರ್ ಒಂದರಲ್ಲಿ ಯಾವಾಗಲೂ ಕಾಣುವ ಒಂದು ವಿಕಾರ ವರ್ಣತಂತುವನ್ನು ಫಿಲಡೆಲ್ಫಿಯಾದಲ್ಲಿ ಗುರುತಿಸಿದ್ದು 1960ರಲ್ಲಿ.

ತಡೆ ಎಂದರೆ ನಿಜಕ್ಕೂ ಏನು ಎಂದು ತಿಳಿಯಲು ಇನ್ನೂ ಕಾಯಬೇಕಾಯಿತು. 1985ರಲ್ಲಿ ಕೇಂಬ್ರಿಡ್ಜ್‌ನ ಆರನ್ ಕ್ಲುಗ್ ಮತ್ತು ಸಂಗಡಿಗರು ಆಫ್ರಿಕಾದ ಒಂದು ಕಪ್ಪೆಯ ಅಂಡಾಶಯದಿಂದ ತೆಗೆದ ಪ್ರೋಟೀನಿನಲ್ಲಿ ಸುಮಾರು 30 ಅಮೈನೋ ಆಮ್ಲಗಳ ಒಂದೇ ವಿನ್ಯಾಸ ಒಂಬತ್ತು ಸಲ ಬಂದಿರುವುದನ್ನು ಕಂಡರು. ಪ್ರತಿ ವಿನ್ಯಾಸದಲ್ಲೂ ಎರಡು ಸಿಸ್ಟೀನ್, ಎರಡು ಹಿಸ್ಟಿಡೀನ್ ಸೇರಿ ಒಂದು ಸತುವಿನ ಅಯಾನನ್ನು ಹಿಡಿದುಕೊಳ್ಳುತ್ತವೆ. ಸತು ಗಂಟು ಹಾಕಿದಂತೆ ಆ ತುಂಡು ಮಡಚಿಕೊಂಡು ಬೆರಳಿನಂತಾಗಿ, ಡಿಎನ್‌ಎ ಏಣಿಯ ತೋಡಿನೊಳಗೆ ಕೂತು ಸುಮಾರು ಮೂರು ಅಕ್ಷರಗಳನ್ನು ಓದುತ್ತದೆ. ಇದಕ್ಕೆ ಜಿಂಕ್ ಫಿಂಗರ್ ಎಂಬ ಹೆಸರು ನಿಂತಿತು. ನಾಲ್ಕು ಬೆರಳಿದ್ದರೆ ಹೆಚ್ಚು ಉದ್ದದ ಪದವನ್ನು ಓದಬಹುದು. ಸರಿಯಾದ ಪದ ಸಿಕ್ಕ ಕಡೆ ಕೂತು ಆ ವಂಶವಾಹಿಯನ್ನು ತೆರೆಯಬಹುದು, ಇಲ್ಲವೇ ಮುಚ್ಚಬಹುದು.

ಬೊವೇರಿ ಹೇಳಿದ ತಡೆಗೆ ಒಂದು ಉದಾಹರಣೆ 1990ರಲ್ಲಿ ಸಿಕ್ಕಿತು. ಚಿಕ್ಕ ಮಕ್ಕಳ ಮೂತ್ರಪಿಂಡದಲ್ಲಿ ಬೆಳೆಯುವ ವಿಲ್ಮ್ಸ್ ಗಡ್ಡೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಮಾಕ್ಸ್ ವಿಲ್ಮ್ಸ್ 1899ರಲ್ಲಿ ವಿವರಿಸಿದ್ದರು, ಬೊವೇರಿ ಅವರ ಸಮಕಾಲೀನರು. ಅಂತಹ ಕೆಲವು ಮಕ್ಕಳಲ್ಲಿ 11ನೇ ವರ್ಣತಂತುವಿನ ಒಂದು ತುಂಡೇ ಇರುವುದಿಲ್ಲ. ಆ ತುಂಡಿನಲ್ಲಿ ಇದ್ದ ಡಬ್ಲ್ಯುಟಿ1 ಎಂಬ ವಂಶವಾಹಿಯನ್ನು ಹೊರತೆಗೆದಾಗ, ಅದು ತಯಾರಿಸುವ ಪ್ರೋಟೀನಿನ ಕೊನೆಯಲ್ಲಿ ನಾಲ್ಕು ಜಿಂಕ್ ಫಿಂಗರ್ ಇದ್ದವು. ಬೆಳೆಯುವ ಮೂತ್ರಪಿಂಡದಲ್ಲಿ ಈ ಪ್ರೋಟೀನ್ ಕೋಶಗಳನ್ನು ಮೂತ್ರಪಿಂಡದ ಕೋಶಗಳಾಗಿ ಪಕ್ವಗೊಳಿಸುವ ವಂಶವಾಹಿಗಳನ್ನು ತೆರೆಯುತ್ತದೆ. ಪಕ್ವವಾದ ಕೋಶ ವಿಭಜನೆ ನಿಲ್ಲಿಸುತ್ತದೆ. ಇಲಿಗಳಲ್ಲಿ ಇದರ ಎರಡೂ ಪ್ರತಿಗಳನ್ನು ತೆಗೆದರೆ ಮೂತ್ರಪಿಂಡವೇ ಹುಟ್ಟುವುದಿಲ್ಲ. ಮೂತ್ರಪಿಂಡ ರೂಪುಗೊಳ್ಳುವ ಹೊತ್ತಿನಲ್ಲಿ ಒಂದು ಕೋಶದಲ್ಲಿ ಎರಡೂ ಕೆಟ್ಟರೆ, ಆ ಕೋಶ ಪಕ್ವವಾಗದೆ ವಿಭಜನೆಯಾಗುತ್ತಲೇ ಹೋಗುತ್ತದೆ. ಒಂದೇ ಕೋಶ, ಕಳೆದುಹೋದ ತಡೆ, ಮರಿಕೋಶಗಳಿಗೂ ಅದೇ ಕೊರತೆ.

ಆದರೂ ಬೊವೇರಿ ಹೇಳಿದ್ದೆಲ್ಲ ಹಾಗೆಯೇ ನಿಂತಿದೆ ಎಂದು ಬರೆದರೆ ತಪ್ಪಾಗುತ್ತದೆ. ಇಡೀ ವರ್ಣತಂತು ಹೋಗಬೇಕೆಂದಿಲ್ಲ, ಒಂದು ಅಕ್ಷರ ತಪ್ಪಿ ಒಂದು ಬೆರಳು ಸೊಟ್ಟಗಾದರೂ ಸಾಕು. ವಿಲ್ಮ್ಸ್ ಗಡ್ಡೆಗಳಲ್ಲಿ ಒಂದು ಪಾಲಿನಲ್ಲಿ ಮಾತ್ರ ಈ ವಂಶವಾಹಿ ಕೆಟ್ಟಿರುತ್ತದೆ. ಇನ್ನೂ ವಿಚಿತ್ರವೆಂದರೆ ಮೂತ್ರಪಿಂಡದಲ್ಲಿ ತಡೆಯಾಗಿರುವ ಇದೇ ಪ್ರೋಟೀನ್ ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಅತಿಯಾಗಿ ಇದ್ದು ಬೆಳವಣಿಗೆಗೆ ಒತ್ತಾಸೆಯಾಗುತ್ತದೆ. ಪ್ರೋಟೀನ್ ಒಂದೇ, ಕೋಶ ಬೇರೆ. ಜಂತುಹುಳುವಿನ ಕೋಶದ್ರವ್ಯದ ಪ್ರಯೋಗ ಇಲ್ಲಿ ಮತ್ತೆ ನೆನಪಾಗುತ್ತದೆ.

ಇಂಟರ್ನ್‌ಶಿಪ್‌ನ ಕೊನೆಯ ವಾರ ತರಗತಿ ಶಿಕ್ಷಕರನ್ನು ಕೇಳಿ ಒಂದು ಅವಧಿ ಪಡೆದೆ. ಜಿಂಕ್ ಫಿಂಗರ್ ಬಗ್ಗೆ ಒಂದೇ ಮಾತು ಹೇಳಿದೆ, ಒಂಬತ್ತನೇ ತರಗತಿಗೆ ಅಷ್ಟು ಸಾಕು. ಉಳಿದದ್ದು ಹುಣಸೆ ಬೀಜ. ಒಂದರಿಂದ ಆರರವರೆಗೆ ಸಂಖ್ಯೆ ಬರೆದು, ಪ್ರತಿ ಸಂಖ್ಯೆಗೆ ಮೂರರಂತೆ ಒಟ್ಟು 18 ಬೀಜ. ತಟ್ಟೆಯ ಮೇಲೆ ಎರಡು ತೆಂಗಿನ ಕಡ್ಡಿ ಅಡ್ಡಡ್ಡ ಇಟ್ಟರೆ ನಾಲ್ಕು ತುದಿ, ನಾಲ್ಕು ಮನೆ. ತುದಿಗಳು ಧ್ರುವಗಳು. ಚೆಲ್ಲಿದ ಬೀಜ ಯಾವ ಮನೆಯಲ್ಲಿ ಬೀಳುತ್ತದೋ ಅದರ ಎರಡೂ ಪಕ್ಕದ ತುದಿಗಳಿಗೆ ಒಂದೊಂದು ಪ್ರತಿ ಹೋಯಿತು ಎಂದು ಲೆಕ್ಕ. ನಾಲ್ಕೂ ತುದಿಗೆ ಆರೂ ಸಂಖ್ಯೆ ಸಿಕ್ಕರೆ ಅಂಡ ಬದುಕಿತು. ಇಪ್ಪತ್ತು ಸಲ ಚೆಲ್ಲಿದರು, ಒಂದು ಸಲವೂ ಬದುಕಲಿಲ್ಲ. ಮೂರು ಅರ್ಧಕಡ್ಡಿ ಇಟ್ಟು ಮೂರು ಮನೆ ಮಾಡಿ ಇಪ್ಪತ್ತು ಸಲ ಚೆಲ್ಲಿದಾಗ ಒಂಬತ್ತು ಸಲ ಬದುಕಿತು. ಮಕ್ಕಳು ಕೂಗಿದ ಸದ್ದಿಗೆ ಪಕ್ಕದ ತರಗತಿಯಿಂದ ಒಬ್ಬರು ಇಣುಕಿ ನೋಡಿ ಹೋದರು.

ಆ ಹುಡುಗಿ ಎಣಿಸುವ ಗುಂಪಿನಲ್ಲಿದ್ದಳು. ಸತ್ತ ಅಂಡದ ಒಂದು ತುದಿಗೆ ನಾಲ್ಕನೇ ಸಂಖ್ಯೆ ಬಂದಿರಲಿಲ್ಲ. ಈ ನಾಲ್ಕೇ ನಿಲ್ಲಿಸು ಎನ್ನುವ ಬೀಜ ಆಗಿದ್ದರೆ ಈ ಕೋಶ ಸಾಯದೆ ಬೆಳೆಯುತ್ತಲೇ ಇರುತ್ತಿತ್ತಾ ಎಂದು ಕೇಳಿದಳು. ಹೌದು, ಹಾಗೆ ಆಗಬಹುದು ಎಂದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ತನಗೆ ಆ ಕೊರತೆ ಬರುತ್ತದಾ ಎಂದು ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ಬಹುಪಾಲು ಗಡ್ಡೆಗಳಲ್ಲಿ ತಪ್ಪು ಆಗುವುದು ದೇಹದ ಒಂದು ಕೋಶದಲ್ಲಿ ಬದುಕಿನ ನಡುವೆ, ಅದು ಮಕ್ಕಳಿಗೆ ಹೋಗುವುದಿಲ್ಲ ಎಂದೂ, ಕೆಲವು ಮನೆತನಗಳಲ್ಲಿ ಬರುವುದುಂಟು, ಅದನ್ನು ವೈದ್ಯರೇ ನೋಡಿ ಹೇಳಬೇಕು ಎಂದೂ ಹೇಳಿದೆ. ಈ ಸಲ ಗಂಟೆ ಹೊಡೆದರೂ ಮಾತು ಮುಗಿಸಿಯೇ ಹೊರಟೆವು.

ಈ ಚಟುವಟಿಕೆ ಮಾಡುವ ಸಹಪಾಠಿಗಳಿಗೆ ಒಂದು ಮಾತು. ಬೀಜದ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ನಾಲ್ಕು ಸಲ ಚೆಲ್ಲುವಷ್ಟರಲ್ಲಿ ಅಳಿಸಿಹೋಗುತ್ತದೆ. ನಾನು ಎರಡನೇ ಸಲ ಬಿಳಿ ನೇಲ್ ಪಾಲಿಷ್‌ನಲ್ಲಿ ಬರೆದೆ. ತಟ್ಟೆಗೆ ಅಂಚು ಇರಲಿ, ಸ್ಟೀಲ್ ತಟ್ಟೆಯಾದರೆ ಕೆಳಗೆ ಬಟ್ಟೆ ಹಾಕಿ, ಇಲ್ಲವಾದರೆ ಬೀಜ ಪುಟಿದು ಬೆಂಚಿನ ಕೆಳಗೆ ಸೇರುತ್ತದೆ, ಹುಡುಕುವುದರಲ್ಲೇ ಅವಧಿ ಮುಗಿಯುತ್ತದೆ.